ಸಿಂಗಪುರದಲ್ಲಿ ಆನ್‌ಲೈನ್ ಮಾರಾಟದ ಕಂಪನಿ ತೆರೆಯುವುದು: ತಿಪಟೂರಿನಿಂದ ಒಂದು ಪ್ರಶ್ನೆ

ಪ್ರಶ್ನೆ: ತಿಪಟೂರಿನ ವ್ಯಾಪಾರಿ

ಎಲ್ಲರಿಗೂ ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ತಿಪಟೂರಿನವನು. ಮನೆತನದ ಕೊಬ್ಬರಿ ವ್ಯಾಪಾರದ ಜೊತೆಗೆ ಕೆಲವು ವರ್ಷಗಳಿಂದ ಗಾಣದ ಕೊಬ್ಬರಿ ಎಣ್ಣೆ, ಕೊಬ್ಬರಿ ತುರಿ, ಬೀಜ ತೆಗೆದ ಹುಣಸೆಹಣ್ಣು, ರಾಗಿ ಹುರಿಹಿಟ್ಟು ಮತ್ತು ಚಟ್ನಿಪುಡಿಗಳನ್ನು ನಮ್ಮದೇ ಜಾಲತಾಣದಲ್ಲಿಯೂ ದೊಡ್ಡ ಮಾರಾಟ ತಾಣಗಳಲ್ಲಿಯೂ ಮಾರುತ್ತಿದ್ದೇನೆ. ವ್ಯವಹಾರವೆಲ್ಲ ನನ್ನೊಬ್ಬನ ಹೆಸರಿನಲ್ಲಿದೆ. ಜಿಎಸ್‌ಟಿ ನೋಂದಣಿ, ಎಫ್‌ಎಸ್‌ಎಸ್‌ಎಐ ಪರವಾನಗಿ ಎರಡೂ ಇವೆ. ಆದಾಯ ತೆರಿಗೆಯನ್ನು ಅಂದಾಜು ಲಾಭದ ಲೆಕ್ಕದಲ್ಲಿ ಐಟಿಆರ್-4ರ ಮೂಲಕ ಸಲ್ಲಿಸುತ್ತಿದ್ದೇನೆ.

ಸಿಂಗಪುರ ಮತ್ತು ದುಬೈಯಲ್ಲಿ ನೆಲೆಸಿರುವ ನಮ್ಮ ಕಡೆಯವರಿಂದ ವಾಟ್ಸಾಪ್‌ನಲ್ಲಿ ಬೇಡಿಕೆ ಬರುತ್ತಲೇ ಇರುತ್ತದೆ. ಆದರೆ ಅರ್ಧ ಕೆಜಿ ಚಟ್ನಿಪುಡಿಯನ್ನು ಕೊರಿಯರ್‌ನಲ್ಲಿ ಕಳುಹಿಸಿದರೆ ಪುಡಿಯ ಬೆಲೆಗಿಂತ ಸಾಗಣೆಯ ಖರ್ಚೇ ಹೆಚ್ಚಾಗುತ್ತದೆ. ಒಮ್ಮೆ ತರಿಸಿಕೊಂಡವರು ಎರಡನೆಯ ಬಾರಿ ಹಿಂದೆಮುಂದೆ ನೋಡುತ್ತಾರೆ. ಆದ್ದರಿಂದ ಸಿಂಗಪುರದಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ತೆರೆದು, ಸರಕನ್ನು ಪೆಟ್ಟಿಗೆಗಟ್ಟಲೆ ಅಲ್ಲಿಗೆ ಸಾಗಿಸಿ, ದಾಸ್ತಾನಿಟ್ಟು, ಅಲ್ಲಿಂದಲೇ ಗ್ರಾಹಕರ ಮನೆಗೆ ತಲುಪಿಸಬೇಕೆಂದು ಯೋಚಿಸಿದ್ದೇನೆ. ಮುಂದೆ ಆ ಕಂಪನಿಯ ಅಂಗಸಂಸ್ಥೆಯೊಂದನ್ನು ದುಬೈಯಲ್ಲಿ ತೆರೆಯಬೇಕು, ಹೂಡಿಕೆದಾರರು ಸಿಕ್ಕರೆ ತಿಪಟೂರಿನ ವ್ಯವಹಾರವನ್ನೂ ಅದರಡಿಗೆ ತರಬೇಕು ಎಂಬ ಆಸೆಯೂ ಇದೆ. ನನ್ನ ಚಿಕ್ಕಪ್ಪನ ಮಗ ಎಂಪ್ಲಾಯ್‌ಮೆಂಟ್ ಪಾಸ್ ಪಡೆದು ಸಿಂಗಪುರದಲ್ಲಿ ಉದ್ಯೋಗದಲ್ಲಿದ್ದಾನೆ. ಅವನನ್ನೇ ನಿರ್ದೇಶಕನನ್ನಾಗಿ ಮಾಡಬಹುದೆಂದು ಭಾವಿಸಿದ್ದೇನೆ.

ಬೆಂಗಳೂರಿನ ಸಲಹಾ ಸಂಸ್ಥೆಯೊಂದನ್ನು ವಿಚಾರಿಸಿದಾಗ ಅವರು ನಾಲ್ಕು ಮಾತು ಹೇಳಿದರು: ಕಂಪನಿ ಕೆಲವೇ ದಿನಗಳಲ್ಲಿ ಆಗುತ್ತದೆ, ಬಂಡವಾಳ ಒಂದು ಡಾಲರ್ ಇದ್ದರೂ ಸಾಕು, ಮೊದಲ 3 ವರ್ಷ ತೆರಿಗೆಯೇ ಇಲ್ಲ, ಮೊತ್ತ ಇಷ್ಟು ಸಣ್ಣದಾದ್ದರಿಂದ ಭಾರತದಲ್ಲಿ ಯಾರಿಗೂ ತಿಳಿಸಬೇಕಾಗಿಲ್ಲ. ಕೊನೆಯ ಮಾತು ನನಗೆ ಸಮಾಧಾನ ತರಲಿಲ್ಲ. ಈ ದಾರಿಯಲ್ಲಿ ನಡೆದವರು, ಲೆಕ್ಕ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು. ಸಿಂಗಪುರ ಸರಿಯೋ, ದುಬೈ ಸರಿಯೋ, ಅಥವಾ ಎರಡೂ ಈಗ ಬೇಡವೋ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿ.

ಉತ್ತರ: ಲೆಕ್ಕಪರಿಶೋಧಕ, ಕೋಲಾರ

ಮಾನ್ಯರೇ, ಆ ಸಂಸ್ಥೆಯವರ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಅದು ಪೂರ್ತಿ ತಪ್ಪು. ಅದನ್ನು ನಂಬಿದವರು ಕೆಲವು ವರ್ಷಗಳ ನಂತರ ಲಾಭದ ಹಣವನ್ನು ಊರಿಗೆ ತರಲು ಹೋದಾಗ, ಹೋದ ಹಣಕ್ಕೆ ದಾಖಲೆಯಿಲ್ಲದೆ ಬಂದ ಹಣಕ್ಕೆ ಲೆಕ್ಕ ಕೊಡಲಾಗದೆ ಕಷ್ಟಪಡುವುದನ್ನು ನನ್ನ ವೃತ್ತಿಯಲ್ಲಿ ಕಾಣುತ್ತಿರುತ್ತೇನೆ.

ಭಾರತದ ನಿವಾಸಿಯೊಬ್ಬರು ಷೇರುಪೇಟೆಯಲ್ಲಿ ಪಟ್ಟಿಯಾಗದ ವಿದೇಶಿ ಕಂಪನಿಯ ಷೇರನ್ನು ಪಡೆದರೆ, ಅದು ಒಂದೇ ಡಾಲರಿನದಾದರೂ, ವಿದೇಶಿ ವಿನಿಮಯದ ಫೆಮಾ ಕಾಯ್ದೆಯಡಿ 2022ರ ಆಗಸ್ಟ್ 22ರಿಂದ ಜಾರಿಯಲ್ಲಿರುವ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಅದು ನೇರ ಹೂಡಿಕೆಯೇ ಆಗುತ್ತದೆ. ಇಲ್ಲಿ ಕ್ರಮ ಮುಖ್ಯ. ಮೊದಲು ತಮ್ಮ ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಸಲ್ಲಿಸಿ, ರಿಸರ್ವ್ ಬ್ಯಾಂಕಿನ ವ್ಯವಸ್ಥೆಯಿಂದ ಯುಐಎನ್ ಎಂಬ ಗುರುತು ಸಂಖ್ಯೆಯನ್ನು ಪಡೆಯಬೇಕು; ಹಣ ಹೊರಗೆ ಹೋಗುವುದು ಅದಾದ ಮೇಲೆ. ಹಣ ಹೋದ 6 ತಿಂಗಳೊಳಗೆ ಷೇರು ಪತ್ರವನ್ನು ಅದೇ ಬ್ಯಾಂಕಿಗೆ ಒಪ್ಪಿಸಬೇಕು. ನಮ್ಮ ತಾಲ್ಲೂಕು ಕೇಂದ್ರಗಳ ಶಾಖೆಗಳಲ್ಲಿ ಈ ಫಾರ್ಮನ್ನು ಕಣ್ಣಾರೆ ಕಂಡವರು ಕಡಿಮೆ. ಕಾಗದ ಬೆಂಗಳೂರಿನ ವಿದೇಶಿ ವಿನಿಮಯ ಶಾಖೆಗೆ ಹೋಗಿ, ಅಲ್ಲಿಂದ ಒಂದೊಂದು ಆಕ್ಷೇಪಣೆಯೊಂದಿಗೆ ಮರಳುತ್ತದೆ. ಆದ್ದರಿಂದ ಸಿಂಗಪುರದಲ್ಲಿ ಹೆಸರು ನೋಂದಾಯಿಸುವ ಮೊದಲೇ ಆ ಶಾಖೆಯ ಅಧಿಕಾರಿಯನ್ನು ಖುದ್ದಾಗಿ ಭೇಟಿಯಾಗಿ, ಅವರು ಕೇಳುವ ಕಾಗದಗಳ ಪಟ್ಟಿಯನ್ನು ಬರೆಸಿಕೊಂಡು ಬನ್ನಿ.

ವ್ಯಕ್ತಿಯಾಗಿ ತಾವು ಒಂದು ಹಣಕಾಸು ವರ್ಷದಲ್ಲಿ ಉದಾರೀಕೃತ ರವಾನೆ ಯೋಜನೆಯಡಿ, ಅಂದರೆ ಎಲ್‌ಆರ್‌ಎಸ್ ಅಡಿ, ಎಲ್ಲ ಉದ್ದೇಶಗಳಿಗೂ ಸೇರಿ 2,50,000 ಅಮೆರಿಕನ್ ಡಾಲರ್‌ವರೆಗೆ ಕಳುಹಿಸಬಹುದು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಬ್ಯಾಂಕು ಶೇ. 20ರಷ್ಟು ಟಿಸಿಎಸ್, ಅಂದರೆ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. ಅದು ತಮ್ಮ ಆದಾಯ ತೆರಿಗೆಗೆ ಹೊಂದಾಣಿಕೆಯಾಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ದುಡಿಯುವ ಬಂಡವಾಳ ಸಿಕ್ಕಿಕೊಂಡಿರುತ್ತದೆ. ಕೊಬ್ಬರಿ ಖರೀದಿಯ ಕಾಲದಲ್ಲಿ ಇದರ ಬಿಸಿ ತಟ್ಟುತ್ತದೆ.

ತಮ್ಮ ಯೋಜನೆಯಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ದುಬೈಯ ಅಂಗಸಂಸ್ಥೆಯ ವಿಚಾರ. ವ್ಯಕ್ತಿಯೊಬ್ಬರು ನಿಯಂತ್ರಣ ಹೊಂದಿರುವ ವಿದೇಶಿ ಕಂಪನಿಗೆ ಅಂಗಸಂಸ್ಥೆ ಇರುವಂತಿಲ್ಲ ಎಂಬುದು ಇದೇ ನಿಯಮಗಳ ನಿರ್ಬಂಧ. ನಿಯಂತ್ರಣ ಎಂದರೆ ಅರ್ಧಕ್ಕಿಂತ ಹೆಚ್ಚು ಷೇರು ಎಂದಲ್ಲ, ಶೇ. 10ರಷ್ಟು ಮತಾಧಿಕಾರ ಕೊಡುವ ಷೇರು ಇದ್ದರೂ ನಿಯಂತ್ರಣವೆನಿಸಬಹುದು. ಹಾಗಾಗಿ ತಮ್ಮ ಹೆಸರಿನಲ್ಲಿ ಸಿಂಗಪುರದ ಕಂಪನಿ, ಅದರಡಿ ದುಬೈಯ ಕಂಪನಿ, ಅದರಡಿಯೇ ತಿಪಟೂರಿನದು ಎಂಬ ಏರ್ಪಾಡು ನಡೆಯುವುದಿಲ್ಲ. ಇದನ್ನು ಆ ಸಲಹಾ ಸಂಸ್ಥೆಯವರು ತಮಗೆ ಮೊದಲೇ ಹೇಳಬೇಕಾಗಿತ್ತು.

ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಆ ಕಂಪನಿಯ ವಾರ್ಷಿಕ ಕಾರ್ಯನಿರ್ವಹಣಾ ವರದಿಯನ್ನು, ಬ್ಯಾಂಕಿನವರು ಎಪಿಆರ್ ಎನ್ನುವುದನ್ನು, ಸಲ್ಲಿಸಬೇಕು. ಸಿಂಗಪುರದಲ್ಲಿ ಸಣ್ಣ ಕಂಪನಿಗಳಿಗೆ ಲೆಕ್ಕಪರಿಶೋಧನೆಯಿಂದ ವಿನಾಯಿತಿ ಇದೆ. ಆದರೆ ನಿಯಂತ್ರಣ ಭಾರತದ ನಿವಾಸಿಯ ಕೈಯಲ್ಲಿದ್ದರೆ ನಮ್ಮ ನಿಯಮ ಪರಿಶೋಧಿತ ಲೆಕ್ಕವನ್ನೇ ಕೇಳುತ್ತದೆ. ಅಲ್ಲಿ ಬೇಡವಾದ ಆಡಿಟನ್ನು ಇಲ್ಲಿಗಾಗಿ ಮಾಡಿಸಬೇಕಾಗುತ್ತದೆ, ಅದೂ ಡಾಲರ್ ಲೆಕ್ಕದಲ್ಲಿ. ವರದಿ ತಡವಾದರೆ ಪ್ರತಿ ವರದಿಗೆ 7,500 ರೂಪಾಯಿ ವಿಳಂಬ ಶುಲ್ಕವಿದೆ. ವರದಿ ಬಾಕಿ ಇರುವವರೆಗೆ ಹೊಸದಾಗಿ ಹಣ ಕಳುಹಿಸಲು ಬ್ಯಾಂಕು ಒಪ್ಪುವುದಿಲ್ಲ.

ಇನ್ನು ಆದಾಯ ತೆರಿಗೆ. ವಿದೇಶಿ ಆಸ್ತಿ ಇರುವವರು ಐಟಿಆರ್-4 ಬಳಸುವಂತಿಲ್ಲ. ತಾವು ಐಟಿಆರ್-3ಕ್ಕೆ ಬಂದು, ಅದರ ವಿದೇಶಿ ಆಸ್ತಿಗಳ ಅನುಸೂಚಿಯಲ್ಲಿ ಷೇರನ್ನೂ ಆ ದೇಶದ ಬ್ಯಾಂಕ್ ಖಾತೆಯ ಮೇಲಿನ ತಮ್ಮ ಸಹಿಯ ಅಧಿಕಾರವನ್ನೂ ತೋರಿಸಬೇಕು. ಕಪ್ಪುಹಣ ಕಾಯ್ದೆಯಡಿ ಇಂತಹ ಆಸ್ತಿಯನ್ನು ತೋರಿಸದಿದ್ದರೆ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. ಸ್ಥಿರಾಸ್ತಿಯಲ್ಲದ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ದಂಡದಿಂದ ಈಗ ವಿನಾಯಿತಿ ಇದೆಯಾದರೂ ಘೋಷಣೆಯಿಂದ ವಿನಾಯಿತಿ ಇಲ್ಲ. ತಿಪಟೂರಿನ ತಮ್ಮ ಸಂಸ್ಥೆ ಸಿಂಗಪುರದ ತಮ್ಮದೇ ಕಂಪನಿಗೆ ಸರಕು ಮಾರಿದಾಗ ಅದು ಸಂಬಂಧಿತರ ನಡುವಿನ ಅಂತರರಾಷ್ಟ್ರೀಯ ವ್ಯವಹಾರವಾಗುತ್ತದೆ. ಹೊರಗಿನವರಿಗೆ ಯಾವ ಬೆಲೆಗೆ ಕೊಡುತ್ತಿದ್ದಿರೋ ಆ ಬೆಲೆಯಲ್ಲಿಯೇ ಬಿಲ್ ಮಾಡಬೇಕು, ಮೊತ್ತ ಎಷ್ಟೇ ಸಣ್ಣದಿದ್ದರೂ ಚಾರ್ಟರ್ಡ್ ಅಕೌಂಟೆಂಟ್‌ರ ಪ್ರತ್ಯೇಕ ವರದಿ ಕೊಡಿಸಬೇಕು.

ತಾವು ತಿಪಟೂರಿನಲ್ಲಿಯೇ ಕುಳಿತು ಆ ಕಂಪನಿಯನ್ನು ನಡೆಸಿದರೆ ಅದನ್ನು ಭಾರತದ ಕಂಪನಿಯೆಂದೇ ಪರಿಗಣಿಸುತ್ತಾರೆಯೇ ಎಂದು ಹಲವರು ಕೇಳುತ್ತಾರೆ. ಪರಿಣಾಮಕಾರಿ ಆಡಳಿತದ ಸ್ಥಳವನ್ನು ನೋಡುವ ಆ ನಿಯಮವನ್ನು ವಾರ್ಷಿಕ ವಹಿವಾಟು 50 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆ ಅನ್ವಯಿಸುವುದಿಲ್ಲವೆಂದು ನೇರ ತೆರಿಗೆಗಳ ಮಂಡಳಿ 2017ರಲ್ಲಿಯೇ ಸುತ್ತೋಲೆ ಹೊರಡಿಸಿದೆ. ಆದರೆ ಬೆಲೆ ನಿಗದಿ, ಗ್ರಾಹಕರ ಸಂಪರ್ಕ, ಒಪ್ಪಂದ ಎಲ್ಲವೂ ತಿಪಟೂರಿನ ಒಂದೇ ಮೇಜಿನಿಂದ ನಡೆಯುತ್ತಿದ್ದರೆ, ಆ ಕಂಪನಿಗೆ ಭಾರತದಲ್ಲಿ ಕಾಯಂ ವ್ಯವಹಾರ ನೆಲೆ ಇದೆಯೆಂದು ಲಾಭದ ಒಂದು ಭಾಗಕ್ಕೆ ಇಲ್ಲಿ ತೆರಿಗೆ ಕೇಳುವ ಅವಕಾಶ ಉಳಿದೇ ಇರುತ್ತದೆ. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ರಕ್ಷಣೆ ಬೇಕೆಂದರೆ ಸಿಂಗಪುರದ ನಿವಾಸಿ ಕಂಪನಿಯೆಂಬ ಪ್ರಮಾಣಪತ್ರ ಬೇಕು. ಹೆಸರಿಗಷ್ಟೇ ಅಲ್ಲಿ ನಿರ್ದೇಶಕರಿರುವ ಕಂಪನಿಗೆ ಅದು ದೊರೆಯುವುದು ಕಷ್ಟ.

ತೆರಿಗೆಯೇ ಇಲ್ಲವೆಂಬ ಮಾತು ಹಳೆಯದು. ಹೊಸ ಕಂಪನಿಗೆ ಮೊದಲ 1 ಲಕ್ಷ ಸಿಂಗಪುರ ಡಾಲರ್ ಲಾಭಕ್ಕೆ ಪೂರ್ಣ ವಿನಾಯಿತಿ ಇದ್ದದ್ದು 2019ರ ಕರ ನಿರ್ಧಾರಣ ವರ್ಷದವರೆಗೆ. ಈಗ ಮೊದಲ 3 ವರ್ಷ ಆ ಮೊದಲ ಲಕ್ಷದ ಶೇ. 75ಕ್ಕೆ ಮತ್ತು ಮುಂದಿನ ಲಕ್ಷದ ಶೇ. 50ಕ್ಕೆ ವಿನಾಯಿತಿ, ಉಳಿದದ್ದಕ್ಕೆ ಶೇ. 17. ಅಲ್ಲಿ ತೆರಿಗೆ ಕಟ್ಟಿ ಉಳಿದ ಲಾಭ ಲಾಭಾಂಶವಾಗಿ ತಮ್ಮ ಕೈಗೆ ಬಂದಾಗ ಇಲ್ಲಿ ತಮ್ಮ ತೆರಿಗೆ ಹಂತದ ದರ ಅನ್ವಯವಾಗುತ್ತದೆ.

ತಿಂಗಳಿಗೆ ಕೆಲವು ಪೆಟ್ಟಿಗೆಗಳ ವ್ಯಾಪಾರಕ್ಕೆ ಇಷ್ಟೆಲ್ಲ ಹೊರೆ ಮೂಗಿಗಿಂತ ಮೂಗುತಿ ಭಾರ ಎಂಬುದು ನನ್ನ ಅಭಿಪ್ರಾಯ. ಕಂಪನಿ ಬೇಡವೇ ಬೇಡ ಎನ್ನುತ್ತಿಲ್ಲ. ಈ ಹೊರೆಯನ್ನು ಹೊರುವಷ್ಟು ವ್ಯಾಪಾರ ಮೊದಲು ಕಾಣಿಸಲಿ.

ಉತ್ತರ: ಚಿಂತಾಮಣಿಯವನು, ಸಿಂಗಪುರದಿಂದ

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿಯವನು. ಸಿಂಗಪುರದಲ್ಲಿ ಆಹಾರ ಪದಾರ್ಥ ತರಿಸುವ ಸಂಸ್ಥೆಯೊಂದರಲ್ಲಿ ಆಮದಿನ ಕಾಗದಪತ್ರಗಳ ಕೆಲಸ ನೋಡಿಕೊಳ್ಳುತ್ತೇನೆ. ಕೋಲಾರದ ಹಿರಿಯರು ಭಾರತದ ಕಡೆಯದನ್ನು ಹೇಳಿದ್ದಾರೆ; ನಾನು ಇಲ್ಲಿಯದನ್ನಷ್ಟೇ ಹೇಳುತ್ತೇನೆ.

ನೋಂದಣಿ ನಿಜಕ್ಕೂ ಸರಳ. ಆಕ್ರಾ ಎಂಬ ಸರ್ಕಾರಿ ಪ್ರಾಧಿಕಾರದಲ್ಲಿ ಹೆಸರಿಗೆ 15, ನೋಂದಣಿಗೆ 300 ಸಿಂಗಪುರ ಡಾಲರ್ ಶುಲ್ಕ. ಇಲ್ಲಿನ ಸಿಂಗ್‌ಪಾಸ್ ಗುರುತು ಇಲ್ಲದ ವಿದೇಶಿಯರು ತಾವೇ ಅರ್ಜಿ ಹಾಕುವಂತಿಲ್ಲವಾದ್ದರಿಂದ ನೋಂದಾಯಿತ ಸೇವಾ ಸಂಸ್ಥೆಯ ಮೂಲಕ ಹೋಗಬೇಕು. ಕನಿಷ್ಠ ಒಬ್ಬ ನಿರ್ದೇಶಕರು ಸಿಂಗಪುರದಲ್ಲಿ ವಾಸವಿರುವವರಾಗಬೇಕು; 6 ತಿಂಗಳೊಳಗೆ ಇಲ್ಲಿಯೇ ವಾಸವಿರುವ ಕಂಪನಿ ಕಾರ್ಯದರ್ಶಿಯನ್ನು ನೇಮಿಸಬೇಕು; ಅಂಚೆಪೆಟ್ಟಿಗೆಯಲ್ಲದ ನಿಜವಾದ ವಿಳಾಸ ಇರಬೇಕು.

ತಮ್ಮ ಚಿಕ್ಕಪ್ಪನ ಮಗನ ವಿಷಯದಲ್ಲಿ ಎಚ್ಚರವಿರಲಿ. ಎಂಪ್ಲಾಯ್‌ಮೆಂಟ್ ಪಾಸ್ ಒಂದು ಉದ್ಯೋಗದಾತರ ಹೆಸರಿಗೆ ಕೊಟ್ಟ ಪರವಾನಗಿ. ಅದನ್ನು ಹೊಂದಿದವರು ಬೇರೊಂದು ಕಂಪನಿಗೆ ನಿರ್ದೇಶಕರಾಗಬೇಕೆಂದರೆ ಮಾನವಶಕ್ತಿ ಸಚಿವಾಲಯದ ಒಪ್ಪಿಗೆ ಪತ್ರ ಬೇಕು, ಆ ಕಂಪನಿಗೂ ಅವರ ಉದ್ಯೋಗದಾತರಿಗೂ ಷೇರು ಸಂಬಂಧ ಇರಬೇಕು. ತಮ್ಮ ಕಂಪನಿಗೆ ಅಂತಹ ಸಂಬಂಧವಿಲ್ಲ. ಪ್ರೀತಿಯಿಂದ ಒಪ್ಪಿಕೊಂಡ ತಮ್ಮನ ಉದ್ಯೋಗಕ್ಕೇ ಕುತ್ತು ಬರುವಂತಹ ಕೆಲಸ ಬೇಡ. ಇಲ್ಲಿನ ಪೌರರಾಗಲಿ ಕಾಯಂ ನಿವಾಸಿಗಳಾಗಲಿ ತಮಗೆ ಆಪ್ತರಿದ್ದರೆ ಸರಿ. ಇಲ್ಲದಿದ್ದರೆ ಶುಲ್ಕ ಕೊಟ್ಟು ಸೇವಾ ಸಂಸ್ಥೆಯಿಂದ ನಾಮಮಾತ್ರ ನಿರ್ದೇಶಕರನ್ನು ಪಡೆಯಬೇಕು. 2025ರ ಜೂನ್ 9ರಿಂದ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ, ವೃತ್ತಿಯಾಗಿ ಹೀಗೆ ನಿರ್ದೇಶಕರಾಗುವವರನ್ನು ನೋಂದಾಯಿತ ಸೇವಾ ಸಂಸ್ಥೆಯೇ ಏರ್ಪಡಿಸಬೇಕು, ಅವರು ಯೋಗ್ಯರೆಂದು ಪರಿಶೀಲಿಸಿರಬೇಕು. ನಿರ್ದೇಶಕ, ಕಾರ್ಯದರ್ಶಿ, ವಿಳಾಸ, ಲೆಕ್ಕ ಬರೆಯುವವರು, ಮೇಲಿನವರು ಹೇಳಿದ ಆಡಿಟ್ ಇವೆಲ್ಲ ಸೇರಿದರೆ ಒಂದು ಡಬ್ಬಿಯೂ ಮಾರಾಟವಾಗದ ವರ್ಷದಲ್ಲಿಯೂ ಸಾವಿರಾರು ಡಾಲರ್ ಖರ್ಚು ಖಚಿತ. ಒಂದು ಡಾಲರ್ ಬಂಡವಾಳ ಕಾಗದದ ಮೇಲೆ ಸಾಕು; ಬ್ಯಾಂಕು ಖಾತೆ ತೆರೆಯುವಾಗ ವ್ಯಾಪಾರದ ಸ್ವರೂಪ, ಸರಕು ಕೊಡುವವರು, ಕೊಳ್ಳುವವರು, ಹಣದ ಮೂಲ ಎಲ್ಲವನ್ನೂ ಕೇಳುತ್ತದೆ. ನೋಂದಣಿಗಿಂತ ಖಾತೆಗೆ ಹೆಚ್ಚು ಕಾಲ ಹಿಡಿಯುವುದು ಇಲ್ಲಿ ಸಾಮಾನ್ಯ.

ಆಹಾರಕ್ಕೆ ಇಲ್ಲಿ ಆಮದು ಸುಂಕವಿಲ್ಲ. ಸುಂಕ ಇರುವುದು ಮದ್ಯ, ತಂಬಾಕು, ಪೆಟ್ರೋಲಿಯಂ ಮತ್ತು ವಾಹನಗಳಿಗೆ. ಆದರೆ ಗಡಿಯಲ್ಲಿ ಜಿಎಸ್‌ಟಿ ಕಟ್ಟಬೇಕು, 2024ರ ಜನವರಿ 1ರಿಂದ ಅದು ಶೇ. 9. ವಾರ್ಷಿಕ ವಹಿವಾಟು 10 ಲಕ್ಷ ಸಿಂಗಪುರ ಡಾಲರ್ ಮೀರುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದಿದ್ದರೆ ಗಡಿಯಲ್ಲಿ ಕಟ್ಟಿದ್ದು ಹಿಂದಿರುಗುವುದಿಲ್ಲ, ಅದನ್ನು ಬೆಲೆಯಲ್ಲಿಯೇ ಸೇರಿಸಿಕೊಳ್ಳಬೇಕು.

ಹೆಚ್ಚಿನ ಗಮನ ಬೇಕಾಗಿರುವುದು ಲೇಬಲ್‌ಗೆ. ಸಂಸ್ಕರಿಸಿದ ಆಹಾರ ತರಿಸುವವರು ಸಿಂಗಪುರ ಆಹಾರ ಸಂಸ್ಥೆಯಲ್ಲಿ, ಅಂದರೆ ಎಸ್‌ಎಫ್‌ಎಯಲ್ಲಿ, ನೋಂದಾಯಿಸಿಕೊಂಡು ಪ್ರತಿ ಸರಕಿಗೂ ಟ್ರೇಡ್‌ನೆಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಅನುಮತಿ ಪಡೆಯಬೇಕು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಪದಾರ್ಥದ ಹೆಸರು, ಸೇರಿಸಿದ ವಸ್ತುಗಳು ತೂಕದ ಇಳಿಕೆಯ ಕ್ರಮದಲ್ಲಿ, ನಿವ್ವಳ ತೂಕ, ಮೂಲ ದೇಶ, ಮತ್ತು ಇಲ್ಲಿನ ಆಮದುದಾರರ ಹೆಸರು ವಿಳಾಸ ಇರಲೇಬೇಕು. ಶೇಂಗಾ ಚಟ್ನಿಪುಡಿಯಾದರೆ ಶೇಂಗಾ ಇದೆ ಎಂಬುದು ಎದ್ದು ಕಾಣಬೇಕು. ನಮ್ಮ ಕಡೆಯಿಂದ ಬರುವ ಡಬ್ಬಿಗಳಲ್ಲಿ ಮುಂಭಾಗದಲ್ಲಿ ಅಂದವಾದ ಕನ್ನಡ ಅಕ್ಷರ, ಹಿಂಭಾಗದಲ್ಲಿ ‘ಮಸಾಲೆ ಪದಾರ್ಥಗಳು’ ಎಂಬ ಒಂದೇ ಮಾತು ಇರುತ್ತದೆ. ಆ ಒಂದು ಮಾತನ್ನು ಬಿಡಿಸಿ ಕರಿಬೇವು, ಹುಣಸೆ, ಬ್ಯಾಡಗಿ ಮೆಣಸಿನಕಾಯಿ, ಇಂಗು ಎಂದು ಬರೆಯಿಸಿ, ಇಂಗಿನಲ್ಲಿ ಮೈದಾ ಬೆರೆತಿದ್ದರೆ ಅದನ್ನೂ ಸೇರಿಸಿ, ಹೊಸ ಚೀಟಿ ಮುದ್ರಿಸಿ, ಗೋದಾಮಿನಲ್ಲಿ ಒಂದೊಂದು ಡಬ್ಬಿಗೂ ಕೈಯಿಂದ ಅಂಟಿಸಿದ ಮೇಲೆಯೇ ಅದು ಅಂಗಡಿಗೆ ಹೋಗುವುದು. ತಿಪಟೂರಿನಲ್ಲಿಯೇ ಸರಿಯಾಗಿ ಮುದ್ರಿಸಿದರೆ ಇಲ್ಲಿನ ಕೂಲಿ ಉಳಿಯುತ್ತದೆ.

ಕೊಬ್ಬರಿ ಎಣ್ಣೆಯನ್ನು ಅಡುಗೆಗೆಂದೇ ಮಾರಿ. ‘ಕೂದಲಿಗೂ ಉತ್ತಮ’ ಎಂದು ಒಂದು ಸಾಲು ಸೇರಿಸಿದರೆ ಅದನ್ನು ಸೌಂದರ್ಯವರ್ಧಕವೆಂದು ನೋಡಿ, ಆರೋಗ್ಯ ವಿಜ್ಞಾನ ಪ್ರಾಧಿಕಾರಕ್ಕೆ ಪ್ರತ್ಯೇಕ ಮಾಹಿತಿ ಸಲ್ಲಿಸಿದ್ದೀರಾ ಎಂದು ಕೇಳಬಹುದು.

ಉತ್ತರ: ಗೌರಿಬಿದನೂರಿನವರು, ದುಬೈಯಿಂದ

ದುಬೈ ಬಗ್ಗೆ ಸಂಕ್ಷಿಪ್ತವಾಗಿ ತಿಳಿಸುತ್ತೇನೆ, ಏಕೆಂದರೆ ಇಲ್ಲಿಯೂ ‘ಫ್ರೀ ಜೋನ್, ತೆರಿಗೆ ಶೂನ್ಯ’ ಎಂಬ ಮಾತು ಬಹಳ ಓಡಾಡುತ್ತಿದೆ. ಫ್ರೀ ಜೋನ್ ಎಂದರೆ ಪ್ರತ್ಯೇಕ ಸುಂಕ ಮತ್ತು ಪರವಾನಗಿ ನಿಯಮಗಳಿರುವ ವ್ಯಾಪಾರ ವಲಯ.

ಯುಎಇಯಲ್ಲಿ 2023ರ ಜೂನ್ 1ರಿಂದ ಆರಂಭವಾಗುವ ಹಣಕಾಸು ವರ್ಷಗಳಿಗೆ ಕಂಪನಿ ತೆರಿಗೆ ಬಂದಿದೆ: 3,75,000 ದಿರ್ಹಮ್‌ವರೆಗಿನ ಲಾಭಕ್ಕೆ ಇಲ್ಲ, ಮೀರಿದ್ದಕ್ಕೆ ಶೇ. 9. ಫ್ರೀ ಜೋನ್ ಕಂಪನಿಗೆ ಶೂನ್ಯ ದರ ಸಿಗುವುದು ಅರ್ಹ ಆದಾಯಕ್ಕೆ ಮಾತ್ರ, ಮತ್ತು ಕೆಲವು ಅಪವಾದಗಳನ್ನು ಬಿಟ್ಟರೆ ಸಾಮಾನ್ಯ ವ್ಯಕ್ತಿಗಳಿಗೆ ಮಾಡುವ ಮಾರಾಟ ಆ ಅರ್ಹತೆಯಿಂದ ಹೊರಗಿದೆ. ತಾವು ಮಾಡಬೇಕೆಂದಿರುವುದು ಮನೆಮನೆಗೆ ಚಿಲ್ಲರೆ ಮಾರಾಟ. ಎಂದರೆ ಆ ಶೂನ್ಯ ತಮ್ಮ ವ್ಯಾಪಾರಕ್ಕೆ ದಕ್ಕುವುದಿಲ್ಲ. ವಹಿವಾಟು 30 ಲಕ್ಷ ದಿರ್ಹಮ್ ಮೀರದ ಸಣ್ಣ ವ್ಯವಹಾರಗಳಿಗೆ ಬೇರೊಂದು ವಿನಾಯಿತಿ ಇದೆ, ಅದು 2026ರ ಡಿಸೆಂಬರ್ 31ರೊಳಗೆ ಮುಗಿಯುವ ಅವಧಿಗಳಿಗೆ ಸೀಮಿತ. ಇದರ ಮೇಲೆ ಶೇ. 5 ವ್ಯಾಟ್ 2018ರಿಂದ ಇದೆ.

ಫ್ರೀ ಜೋನಿನಲ್ಲಿ ಇಟ್ಟ ಸರಕು ನಗರದೊಳಗಿನ ಗ್ರಾಹಕರಿಗೆ ಹೋಗುವಾಗ ಸಾಮಾನ್ಯವಾಗಿ ಶೇ. 5ರ ಸುಂಕ ಬೀಳುತ್ತದೆ. ಭಾರತ ಮತ್ತು ಯುಎಇ ನಡುವಿನ ಸೆಪಾ ಎಂಬ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿರುವುದರಿಂದ, ಅದರಡಿ ಮೂಲ ದೇಶದ ಪ್ರಮಾಣಪತ್ರ ಮಾಡಿಸಿ ಕಳುಹಿಸಿದರೆ ಹಲವು ಸರಕುಗಳಿಗೆ ಈ ಸುಂಕ ಇರುವುದಿಲ್ಲ. ಆದರೆ ಆ ಕಾಗದ ಸರಕಿನ ಜೊತೆಗೇ ಭಾರತದಿಂದ ಬರಬೇಕು. ನಗರದೊಳಗಿನ ಮುಖ್ಯಭೂಮಿ ಪರವಾನಗಿಯನ್ನೂ 2021ರ ಜೂನ್‌ನಿಂದ ಬಹುತೇಕ ವ್ಯಾಪಾರಗಳಲ್ಲಿ ವಿದೇಶಿಯರು ಪೂರ್ಣ ಒಡೆತನದಲ್ಲಿ ಪಡೆಯಬಹುದಾಗಿದೆ, ಹಾಗಾಗಿ ಇಲ್ಲಿನ ಗ್ರಾಹಕರಿಗೇ ಮಾರುವವರಿಗೆ ಫ್ರೀ ಜೋನಿನ ಆಕರ್ಷಣೆ ಮೊದಲಿನಷ್ಟಿಲ್ಲ. ಆಹಾರದ ಡಬ್ಬಿಯ ಮೇಲೆ ಅರಬ್ಬಿ ಭಾಷೆಯ ಲೇಬಲ್ ಬೇಕು, ಉತ್ಪನ್ನವನ್ನು ದುಬೈ ನಗರಾಡಳಿತದಲ್ಲಿ ನೋಂದಾಯಿಸಿರಬೇಕು. ಪರವಾನಗಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಆರಂಭದ ವರ್ಷ ರಿಯಾಯಿತಿ ಬೆಲೆ ಹೇಳುವವರನ್ನು ನವೀಕರಣದ ಬೆಲೆಯನ್ನೂ ಬರವಣಿಗೆಯಲ್ಲಿ ಕೊಡುವಂತೆ ಕೇಳಿ.

ಮರುಪ್ರಶ್ನೆ: ತಿಪಟೂರಿನ ವ್ಯಾಪಾರಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ತಮ್ಮನನ್ನು ನಿರ್ದೇಶಕನನ್ನಾಗಿ ಮಾಡುವ ಯೋಚನೆಯನ್ನು ಇಲ್ಲಿಗೇ ಕೈಬಿಟ್ಟಿದ್ದೇನೆ. ಕೋಲಾರದ ಸರ್ ಅವರಲ್ಲಿ ಒಂದು ಕೋರಿಕೆ: ನನ್ನ ಅಣ್ಣನೂ ನಾನೂ ಸೇರಿ ಪಾಲುದಾರಿಕೆ ಸಂಸ್ಥೆ ಮಾಡಿಕೊಂಡು, ಆ ಸಂಸ್ಥೆಯ ಹೆಸರಿನಲ್ಲಿ ಹೂಡಿಕೆ ಮಾಡಿದರೆ ಅಂಗಸಂಸ್ಥೆಯ ತೊಡಕು ನಿವಾರಣೆಯಾಗುತ್ತದೆಯೇ? ಇನ್ನೊಂದು, ಕಂಪನಿ ತೆರೆಯದೆ ಇಲ್ಲಿಂದಲೇ ಮಾರುವ ದಾರಿಯನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಲೆಕ್ಕಪರಿಶೋಧಕ, ಕೋಲಾರ

ಬಹುಮಟ್ಟಿಗೆ ನಿವಾರಣೆಯಾಗುತ್ತದೆ. 1932ರ ಪಾಲುದಾರಿಕೆ ಕಾಯ್ದೆಯಡಿ ನೋಂದಾಯಿತ ಸಂಸ್ಥೆ ಈ ನಿಯಮಗಳಲ್ಲಿ ‘ಭಾರತೀಯ ಸಂಸ್ಥೆ’ ಎನಿಸಿಕೊಳ್ಳುತ್ತದೆ, ಕಂಪನಿ ಮತ್ತು ಎಲ್‌ಎಲ್‌ಪಿಗಳೂ (ಸೀಮಿತ ಹೊಣೆಯ ಪಾಲುದಾರಿಕೆಗಳು) ಹಾಗೆಯೇ. ನೋಂದಣಿ ಇಲ್ಲದ ಪಾಲುದಾರಿಕೆ ಲೆಕ್ಕಕ್ಕೆ ಬರುವುದಿಲ್ಲ. ಅಂತಹ ಸಂಸ್ಥೆ ತನ್ನ ಪರಿಶೋಧಿತ ಲೆಕ್ಕದಲ್ಲಿನ ನಿವ್ವಳ ಮೌಲ್ಯದ ಶೇ. 400ರವರೆಗೆ ಹೂಡಬಹುದು, ಅಂಗಸಂಸ್ಥೆಗೂ ಅವಕಾಶವಿದೆ. ಎಲ್‌ಆರ್‌ಎಸ್ ಮಿತಿಯಾಗಲಿ ಅದರ ಮೇಲಿನ ಟಿಸಿಎಸ್ ಆಗಲಿ ಅದಕ್ಕಿಲ್ಲ. ಯುಐಎನ್, ವಾರ್ಷಿಕ ವರದಿ, ಬೆಲೆಯ ನಿಯಮ ಎಲ್ಲವೂ ಹಾಗೆಯೇ ಉಳಿಯುತ್ತವೆ.

ತಿಪಟೂರಿನ ವ್ಯವಹಾರವನ್ನು ವಿದೇಶಿ ಕಂಪನಿಯಡಿಗೆ ತರುವುದು ಬೇರೆಯೇ ಪ್ರಶ್ನೆ. ಸರಕು ಕೊಂಡು ದಾಸ್ತಾನಿಟ್ಟು ಆನ್‌ಲೈನ್‌ನಲ್ಲಿ ಗ್ರಾಹಕರಿಗೆ ಮಾರುವ ವ್ಯಾಪಾರದಲ್ಲಿ ವಿದೇಶಿ ಹೂಡಿಕೆಗೆ ನಮ್ಮಲ್ಲಿ ಅವಕಾಶವಿಲ್ಲ. ತಾನೇ ಭಾರತದಲ್ಲಿ ತಯಾರಿಸಿದ್ದನ್ನು ಆನ್‌ಲೈನ್‌ನಲ್ಲಿ ಮಾರುವ ತಯಾರಕರಿಗೆ ಅವಕಾಶವಿದೆ, ಭಾರತದಲ್ಲಿ ಬೆಳೆದ ಅಥವಾ ತಯಾರಾದ ಆಹಾರದ ಚಿಲ್ಲರೆ ಮಾರಾಟಕ್ಕೆ ಸರ್ಕಾರದ ಒಪ್ಪಿಗೆ ಪಡೆದು ತರುವ ದಾರಿಯೂ ಇದೆ. ತಾವು ಗಾಣದಲ್ಲಿ ಆಡಿಸುವ ಎಣ್ಣೆ ಒಂದು ಕಡೆಗೂ, ಬೇರೆಯವರಿಂದ ಕೊಂಡು ಮಾರುವ ಹುಣಸೆ ಇನ್ನೊಂದು ಕಡೆಗೂ ಬೀಳುತ್ತವೆ. ಹೂಡಿಕೆದಾರರೊಡನೆ ಮಾತಿಗೆ ಕೂರುವ ಮೊದಲು ಇವನ್ನು ಲೆಕ್ಕದಲ್ಲಿ ಬೇರ್ಪಡಿಸಿಟ್ಟುಕೊಳ್ಳಿ.

ಉತ್ತರ: ಗೃಹೋದ್ಯಮಿ, ತುಮಕೂರು

ಸಹೋದರರೇ, ನಾನು ತುಮಕೂರಿನಿಂದ ಉಪ್ಪಿನಕಾಯಿ ಮತ್ತು ಪುಡಿಗಳನ್ನು ಹೊರದೇಶಕ್ಕೆ ಕಳುಹಿಸುತ್ತೇನೆ. ಹೊರಗೆ ಕಂಪನಿ ಇಲ್ಲದೆಯೇ ಇದು ನಡೆಯುತ್ತಿದೆ, ಆದ್ದರಿಂದ ತಮ್ಮ ಎರಡನೆಯ ಪ್ರಶ್ನೆಗೆ ಧೈರ್ಯವಾಗಿ ಉತ್ತರಿಸುತ್ತೇನೆ.

ಮೊದಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಐಇಸಿ, ಅಂದರೆ ಆಮದು-ರಫ್ತುದಾರರ ಗುರುತು ಸಂಖ್ಯೆ, ಮಾಡಿಸಿ. ಶುಲ್ಕ 500 ರೂಪಾಯಿ. ಜಿಎಸ್‌ಟಿ ತಾಣದಲ್ಲಿ ವರ್ಷಕ್ಕೊಮ್ಮೆ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ ರಫ್ತಿನ ಬಿಲ್‌ಗೆ ತೆರಿಗೆ ಕಟ್ಟದೆ ಸರಕು ಕಳುಹಿಸಬಹುದು. ಹುಣಸೆಹಣ್ಣು ಸಂಬಾರ ಪದಾರ್ಥಗಳ ಮಂಡಳಿಯ ಪಟ್ಟಿಯಲ್ಲಿರುವುದರಿಂದ ಅದನ್ನು ರಫ್ತು ಮಾಡಲು ಆ ಮಂಡಳಿಯ ನೋಂದಣಿ ಬೇಕು. ಕೊಬ್ಬರಿ ತುರಿ ಮತ್ತು ಎಣ್ಣೆಗೆ ತೆಂಗು ಅಭಿವೃದ್ಧಿ ಮಂಡಳಿಯೇ ರಫ್ತು ಉತ್ತೇಜನಾ ಮಂಡಳಿ. ಎಫ್‌ಎಸ್‌ಎಸ್‌ಎಐ ಪರವಾನಗಿಯಲ್ಲಿ ರಫ್ತಿನ ಚಟುವಟಿಕೆ ಸೇರಿದೆಯೇ ಎಂದು ಇಂದೇ ನೋಡಿಕೊಳ್ಳಿ, ಇಲ್ಲದಿದ್ದರೆ ಸೇರಿಸಿ.

ಬಿಡಿ ಗ್ರಾಹಕರ ಸಣ್ಣ ಪೊಟ್ಟಣಗಳಿಗೆ ಅಂಚೆ ಇಲಾಖೆಯ ರಫ್ತು ಕೇಂದ್ರವಾದ ಡಾಕ್ ಘರ್ ನಿರ್ಯಾತ್ ಕೇಂದ್ರ ಅನುಕೂಲಕರ. 2022ರ ನಂತರ ಅಂಚೆಯ ರಫ್ತು ಘೋಷಣೆಯನ್ನು ಮನೆಯಲ್ಲಿಯೇ ಕಂಪ್ಯೂಟರಿನಲ್ಲಿ ಭರ್ತಿ ಮಾಡಬಹುದಾಗಿದೆ. ಪೊಟ್ಟಣವನ್ನು ಅಂಚೆ ಕಚೇರಿಯಲ್ಲಿ ಕೊಟ್ಟು ಬಂದರೆ ಸಾಕು. ಸ್ನೇಹಿತರಿಗೆ ಉಡುಗೊರೆ ಎಂದು ಬರೆದು ಮಾರಾಟದ ಸರಕು ಕಳುಹಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಮಾರಾಟವೆಂದು ಘೋಷಿಸಿ ಕಳುಹಿಸಿದ್ದು ಮಾತ್ರ ರಫ್ತಿನ ಲೆಕ್ಕಕ್ಕೆ ಬರುತ್ತದೆ, ನಾಳೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ತೋರಿಸಲು ಇರುವ ದಾಖಲೆಯೂ ಅದೊಂದೇ. ಅಮೆಜಾನಿನ ಸಿಂಗಪುರ ಮತ್ತು ಯುಎಇ ತಾಣಗಳಲ್ಲಿಯೂ ಭಾರತದ ಮಾರಾಟಗಾರರು ಇಲ್ಲಿಂದಲೇ ಖಾತೆ ತೆರೆಯಬಹುದು.

ಸಾಗಣೆ ಖರ್ಚು ಇಳಿಯಬೇಕೆಂದರೆ ಪೆಟ್ಟಿಗೆಗಟ್ಟಲೆ ಕಳುಹಿಸಬೇಕು, ಅದಕ್ಕೆ ಅಲ್ಲೊಬ್ಬ ಆಮದುದಾರರು ಬೇಕು. ಸಿಂಗಪುರದ ಸೆರಂಗೂನ್ ರಸ್ತೆಯ ಆಸುಪಾಸಿನ ಭಾರತೀಯ ದಿನಸಿ ಅಂಗಡಿಗಳಿಗೆ ಸರಕು ಒದಗಿಸುವ ಆಮದುದಾರರಿಗೆ ಎಸ್‌ಎಫ್‌ಎ ನೋಂದಣಿ, ಗೋದಾಮು, ಅನುಮತಿ ಎಲ್ಲವೂ ಈಗಾಗಲೇ ಇರುತ್ತವೆ. ಅವರಿಗೆ ಸಗಟು ಬೆಲೆಯಲ್ಲಿ ಕೊಟ್ಟರೆ ಲಾಭದ ಪಾಲು ಕಡಿಮೆಯಾಗುತ್ತದೆ, ನಿಜ. ಆದರೆ ವಾಟ್ಸಾಪ್ ಗ್ರಾಹಕರನ್ನು ಅವರ ಅಂಗಡಿಗೋ ಜಾಲತಾಣಕ್ಕೋ ಕಳುಹಿಸಿ, ಯಾವ ಸರಕು ಎಷ್ಟು ಬೇಗ ಖರ್ಚಾಗುತ್ತದೆ ಎಂಬುದನ್ನು ಅವರ ಮರುಬೇಡಿಕೆಯಿಂದಲೇ ತಿಳಿಯಬಹುದು. ನನ್ನ ಅನುಭವದಲ್ಲಿ ಊರಿನಲ್ಲಿ ಹೆಚ್ಚು ಮಾರಾಟವಾಗುವುದೇ ಹೊರಗೂ ಹೆಚ್ಚು ಹೋಗುತ್ತದೆ ಎನ್ನುವಂತಿಲ್ಲ. ಹುರಿಹಿಟ್ಟಿನಂತಹ ಹಿಟ್ಟುಗಳಿಗೆ ಆ ಸೆಕೆಯಲ್ಲಿ ಬಾಳಿಕೆಯ ಅವಧಿ ಕಡಿಮೆ. ಎಣ್ಣೆ ಮತ್ತು ಹುಣಸೆಗೆ ಆ ತೊಂದರೆ ಅಷ್ಟಿಲ್ಲ.

ಮೊದಲ ಪೆಟ್ಟಿಗೆಗಳಿಗೆ ಎಣ್ಣೆ, ಹುಣಸೆ ಮತ್ತು ಒಂದು ಚಟ್ನಿಪುಡಿಯನ್ನಷ್ಟೇ ಆರಿಸಿ. ಚಿಂತಾಮಣಿಯ ಸಹೋದರರು ಹೇಳಿದಂತೆ ಇಂಗ್ಲಿಷ್ ಲೇಬಲ್ ಸಿದ್ಧಪಡಿಸುವಾಗ ಆಮದುದಾರರ ಹೆಸರು ವಿಳಾಸಕ್ಕೆ ಜಾಗವನ್ನು ಖಾಲಿ ಬಿಟ್ಟು ಮುದ್ರಿಸಿ. ಆಗ ಅದೇ ಲೇಬಲ್ ಬೇರೆ ಆಮದುದಾರರಿಗೂ, ಮುಂದೆ ತಮ್ಮದೇ ಕಂಪನಿಯಾದರೆ ಅದಕ್ಕೂ ಉಪಯೋಗಕ್ಕೆ ಬರುತ್ತದೆ.